ಕೆಳಗೆ ಅಂಗಡಿ, ಮೇಲೆ ಲಾಡ್ಜ್

ಅಮೆರಿಕದ ಹಳೆಯ ಸಣ್ಣ ಊರುಗಳ ಮುಖ್ಯಬೀದಿಯಲ್ಲಿ ಕತ್ತೆತ್ತಿ ನಡೆದರೆ ಒಂದು ನೋಟ ಮತ್ತೆ ಮತ್ತೆ ಎದುರಾಗುತ್ತದೆ. ಇಟ್ಟಿಗೆಯ ಎರಡೋ ಮೂರೋ ಅಂತಸ್ತಿನ ಕಟ್ಟಡ. ಕೆಳಗೆ ಒಂದು ಕಾಲದಲ್ಲಿ ಔಷಧಿ ಅಂಗಡಿಯೋ ಹಾರ್ಡ್‌ವೇರ್ ಅಂಗಡಿಯೋ ಇದ್ದ ಗಾಜಿನ ಮುಂಭಾಗ. ತುತ್ತತುದಿಯಲ್ಲಿ, ತಗಡಿನ ಅಲಂಕಾರಪಟ್ಟಿಯ ನಡುವೆ ಒಂದು ಇಸವಿ, ಜೊತೆಗೆ ಸರಪಳಿಯ ಮೂರು ಕೊಂಡಿ, ಇಲ್ಲವೇ ಮೂಲೆಮಟ್ಟದ ಮೇಲೆ ತೆರೆದಿಟ್ಟ ಕೈವಾರ. ಕೊಂಡಿಗಳಿದ್ದರೆ ಅದು ಆಡ್ ಫೆಲೋಗಳದ್ದು, ಕೈವಾರವಿದ್ದರೆ ಫ್ರೀಮೇಸನ್ನರದ್ದು. ಎರಡೂ ದೀಕ್ಷೆ ಪಡೆದು ಸೇರುವ, ಸದಸ್ಯರು ಒಬ್ಬರಿಗೊಬ್ಬರು ನೆರವಾಗುವ ಸಹೋದರ ಕೂಟಗಳು. ಲಾಡ್ಜ್ ಎಂದ ಕೂಡಲೇ ಕನ್ನಡದವರಿಗೆ ರಾತ್ರಿ ತಂಗುವ ರೂಮು ನೆನಪಾಗುತ್ತದೆ. ಇಲ್ಲಿ ಆ ಮಾತಿನ ಅರ್ಥವೇ ಬೇರೆ. ಒಂದು ಊರಿನ ಸದಸ್ಯರ ಕೂಟವೂ ಲಾಡ್ಜ್, ಅವರು ಸೇರುವ ಜಾಗವೂ ಲಾಡ್ಜ್.

ಇವರ ಬಗ್ಗೆ ಬರೆಯಹೊರಟವರು ಬಹುಮಟ್ಟಿಗೆ ಗುಟ್ಟಿನ ಸನ್ನೆಗಳ ಹಿಂದೆ, ವಿಚಿತ್ರ ವೇಷಗಳ ಹಿಂದೆ ಹೋಗುತ್ತಾರೆ. ನನಗೆ ಅದಕ್ಕಿಂತ ಕುತೂಹಲದ್ದು ಕೆಳಗಿನ ಅಂಗಡಿ. ಅದರ ಬಾಡಿಗೆಯಿಂದಲೇ ಮೇಲಿನವರು ವಿಧವೆಯರಿಗೆ ಕಲ್ಲಿದ್ದಲು ಕೊಡಿಸಿದ್ದು, ಸತ್ತವರನ್ನು ಮಣ್ಣು ಮಾಡಿದ್ದು. ಆ ಬಾಡಿಗೆ ನಿಂತ ಕಡೆ ದಾನವೂ ನಿಂತಿತು. ಆದ್ದರಿಂದ ಇಂಥ ಲಾಡ್ಜಿನ ಧರ್ಮಕಾರ್ಯವನ್ನು ಉಳಿಸಬೇಕು ಎನ್ನುವವರು ಮೊದಲು ಅದರ ಮಾಡು, ಅಂದರೆ ಛಾವಣಿ, ಹತ್ತಿ ನೋಡಬೇಕು.

ಆಡ್ ಫೆಲೋಗಳ ಅಮೆರಿಕದ ಕಥೆ ಶುರುವಾಗುವುದು 1819ರ ಏಪ್ರಿಲ್ 26ರಂದು, ಬಾಲ್ಟಿಮೋರ್‌ನ ಸೆವೆನ್ ಸ್ಟಾರ್ಸ್ ಎಂಬ ಹೆಂಡದಂಗಡಿಯಲ್ಲಿ. ಇಂಗ್ಲೆಂಡಿನಿಂದ ಬಂದ ಕಮ್ಮಾರ ಥಾಮಸ್ ವೈಲ್ಡಿ ಮತ್ತು ಇನ್ನು ನಾಲ್ವರು ಸೇರಿ ಮೊದಲ ಲಾಡ್ಜ್ ಕಟ್ಟಿದರು. ಅವರು ತಮಗೆ ವಿಧಿಸಿಕೊಂಡ ಕೆಲಸ ನಾಲ್ಕೇ: ಕಾಯಿಲೆಯವರನ್ನು ಹೋಗಿ ನೋಡುವುದು, ಕಷ್ಟದಲ್ಲಿದ್ದವರ ಕೈಹಿಡಿಯುವುದು, ಸತ್ತವರನ್ನು ಹೂಳುವುದು, ತಬ್ಬಲಿ ಮಕ್ಕಳನ್ನು ಓದಿಸುವುದು. ಸರ್ಕಾರದ ಪಿಂಚಣಿಯಾಗಲಿ ಕಾರ್ಖಾನೆಯ ವಿಮೆಯಾಗಲಿ ಇಲ್ಲದ ಕಾಲ. ದುಡಿಯುವ ಗಂಡಸು ಮೂರು ವಾರ ಮಲಗಿದರೆ ಮನೆಯ ಒಲೆ ಆರುತ್ತಿತ್ತು.

ವ್ಯವಸ್ಥೆ ಸರಳವಾಗಿತ್ತು, ಆದರೆ ಸಡಿಲವಾಗಿರಲಿಲ್ಲ. ಸದಸ್ಯ ತಪ್ಪದೆ ವಂತಿಗೆ ಕಟ್ಟಬೇಕು. ಕಾಯಿಲೆ ಬಿದ್ದರೆ ವಾರಕ್ಕೆ ಸಾಮಾನ್ಯವಾಗಿ 3ರಿಂದ 5 ಡಾಲರ್ ಭತ್ಯೆ. ಮೊದಲ ವಾರಕ್ಕೆ ಬಹಳ ಕಡೆ ಕೊಡುತ್ತಿರಲಿಲ್ಲ, ಸಣ್ಣ ನೆಗಡಿಗೂ ನಿಧಿ ಕರಗಬಾರದೆಂದು. ವಂತಿಗೆ ಬಾಕಿ ಉಳಿಸಿಕೊಂಡವನಿಗೆ ಭತ್ಯೆಯಿಲ್ಲ. ರೋಗಿಯನ್ನು ನೋಡಲೆಂದೇ ಒಂದು ಸಮಿತಿ. ಅದು ಹಣ ತಲುಪಿಸುತ್ತಿತ್ತು, ರಾತ್ರಿ ಹಾಸಿಗೆಯ ಪಕ್ಕ ಕೂರಲು ಸರದಿ ಹಾಕುತ್ತಿತ್ತು, ಮಲಗಿದವನು ನಿಜವಾಗಿ ಮಲಗಿದ್ದಾನೆಯೇ ಎಂಬುದನ್ನೂ ಕಂಡುಕೊಂಡು ಬರುತ್ತಿತ್ತು. ಈ ಕೊನೆಯದನ್ನು ಅನುಮಾನವೆಂದು ತಿಳಿಯಬೇಕಿಲ್ಲ. ನೂರು ಜನರ ನಿಧಿಯಲ್ಲಿ ಇಬ್ಬರು ಕಳ್ಳನೆಪ ಹೂಡಿದರೂ ನಿಜವಾದ ರೋಗಿಗೆ ಹಣ ಸಾಲದು. ಪರವೂರಿನಲ್ಲಿ ಕಾಯಿಲೆ ಬಿದ್ದ ಸದಸ್ಯ ತನ್ನ ಪ್ರಯಾಣದ ಚೀಟಿ ತೋರಿಸಿದರೆ ಆ ಊರಿನ ಲಾಡ್ಜ್ ನೋಡಿಕೊಳ್ಳುತ್ತಿತ್ತು, ಖರ್ಚನ್ನು ಆಮೇಲೆ ಸ್ವಂತ ಊರಿನ ಲಾಡ್ಜಿನಿಂದ ವಸೂಲು ಮಾಡಿಕೊಳ್ಳುತ್ತಿತ್ತು. ಕೆಲಸ ಹುಡುಕಿ ಪಶ್ಚಿಮಕ್ಕೆ ಹೋಗುತ್ತಿದ್ದವರಿಗೆ ಇದಕ್ಕಿಂತ ದೊಡ್ಡ ಆಸರೆ ಇರಲಿಲ್ಲ.

ಇದೇ ದಾರಿಯಲ್ಲಿ ಜೀವವಿಮೆಗೆ ಕೈಹಾಕಿದ ಕೂಟಗಳು ಒಂದು ಲೆಕ್ಕದಲ್ಲಿ ಎಡವಿದವು. ಅದನ್ನು ಬಿಡಿಸಿ ನೋಡದೆ ಕಟ್ಟಡದ ಬೆಲೆ ತಿಳಿಯುವುದಿಲ್ಲ. 1868ರಲ್ಲಿ ಪೆನ್ಸಿಲ್ವೇನಿಯದ ಮೀಡ್‌ವಿಲ್‌ನಲ್ಲಿ ಜಾನ್ ಜೋರ್ಡನ್ ಅಪ್‌ಚರ್ಚ್ ಎಂಬವರು ಏನ್ಷಿಯೆಂಟ್ ಆರ್ಡರ್ ಆಫ್ ಯುನೈಟೆಡ್ ವರ್ಕ್‌ಮೆನ್ ಎಂಬ ಕೂಟ ಕಟ್ಟಿದರು. ಒಬ್ಬ ಸತ್ತಾಗ ಉಳಿದವರೆಲ್ಲ ತಲಾ 1 ಡಾಲರ್ ಹಾಕುವುದು, ಸತ್ತವನ ಮನೆಗೆ 2,000 ಡಾಲರ್‌ವರೆಗೆ ಕೊಡುವುದು, ಇದು ಅವರ ಪದ್ಧತಿ. ಕೇಳಲು ಎಷ್ಟು ನ್ಯಾಯವಾಗಿದೆ! ಉದಾಹರಣೆಗೆ 2,000 ಸದಸ್ಯರಿದ್ದಾರೆ, ಎಲ್ಲರೂ ಪ್ರಾಯದವರು, ವರ್ಷಕ್ಕೆ ಸಾವಿರಕ್ಕೆ 8 ಸಾವು ಎಂದಿಟ್ಟುಕೊಳ್ಳಿ. ವರ್ಷಕ್ಕೆ 16 ಸಾವು, ಒಬ್ಬೊಬ್ಬರಿಗೆ 16 ಡಾಲರ್. ಅದೇ ಜನ ಐವತ್ತೈದು ದಾಟಿದಾಗ ಸಾವಿರಕ್ಕೆ 20 ಸಾವು ಎಂದರೆ 40 ಡಾಲರ್. ಈಗ ಹೊಸದಾಗಿ ಸೇರಬೇಕಾದ ಇಪ್ಪತ್ತೈದರ ಹುಡುಗ ಈ ಮೊತ್ತ ನೋಡಿ ಪಕ್ಕದ ಬೀದಿಯಲ್ಲಿ ಹೊಸದಾಗಿ ಶುರುವಾದ, ಪ್ರಾಯದವರೇ ತುಂಬಿದ ಕೂಟಕ್ಕೆ ಹೋಗುತ್ತಾನೆ. ಉಳಿದವರಿಗೆ ವಯಸ್ಸು ಇನ್ನೂ ಏರುತ್ತದೆ, ತಲೆ ಎಣಿಕೆ ಇಳಿಯುತ್ತದೆ, ತಲಾ ಪಾಲು ಹೆಚ್ಚುತ್ತದೆ. ವರ್ಷವರ್ಷ ಬಂದದ್ದನ್ನು ವರ್ಷವರ್ಷ ಹಂಚಿದ ಕೂಟಕ್ಕೆ ಮುಪ್ಪಿನಲ್ಲಿ ಕೂಡಿಟ್ಟದ್ದು ಏನೂ ಇರುವುದಿಲ್ಲ. ಎಷ್ಟೋ ಕೂಟಗಳು ಹೀಗೆ ಬತ್ತಿಹೋದವು.

ಕಟ್ಟಡ ಕಟ್ಟಿಕೊಂಡ ಲಾಡ್ಜಿಗೆ ಆ ಕೂಡಿಟ್ಟದ್ದು ಇತ್ತು. ಸದಸ್ಯರು ಮುದುಕರಾದರೂ ಮುಖ್ಯಬೀದಿಯ ಅಂಗಡಿ ಮುದಿಯಾಗುವುದಿಲ್ಲ, ಪ್ರತಿ ತಿಂಗಳು ಬಾಡಿಗೆ ತರುತ್ತದೆ. ನೆಲ ಅಂತಸ್ತಿನ ಬಾಡಿಗೆ ಎಲ್ಲಕ್ಕಿಂತ ಹೆಚ್ಚು, ಅದನ್ನು ವ್ಯಾಪಾರಿಗೆ ಕೊಟ್ಟರು. ನಡು ಅಂತಸ್ತಿನಲ್ಲಿ ವೈದ್ಯರು, ವಕೀಲರು. ಎಲ್ಲಕ್ಕಿಂತ ಕಡಿಮೆ ಬೆಲೆಯ, ಮೆಟ್ಟಿಲು ಹತ್ತಿ ಸುಸ್ತಾಗುವ ತುದಿಯ ಅಂತಸ್ತನ್ನು ತಮಗೆ ಇಟ್ಟುಕೊಂಡರು. ಅದಕ್ಕೆ ಇನ್ನೂ ಎರಡು ಕಾರಣಗಳಿದ್ದವು. ಎದುರು ಮನೆಯವರು ಕಿಟಕಿಯಿಂದ ಇಣುಕಲಾಗದು ಎಂಬುದೊಂದು. ಸಭೆಯ ಕೋಣೆಗೆ ನಡುವೆ ಕಂಬ ಇರಬಾರದು ಎಂಬುದು ಇನ್ನೊಂದು. ಒಂದು ತುದಿಯಲ್ಲಿ ಅಧ್ಯಕ್ಷರ ಪೀಠ, ಎದುರು ತುದಿಯಲ್ಲಿ ಉಪಾಧ್ಯಕ್ಷರ ಪೀಠ, ಗೋಡೆಯುದ್ದಕ್ಕೂ ಬೆಂಚು, ನಡುವೆ ಬರಿಯ ನೆಲ. ಮೇಲೆ ಇನ್ನೊಂದು ಅಂತಸ್ತಿನ ಭಾರವಿಲ್ಲದ ಕಡೆ ಮಾತ್ರ ಬರೀ ಮರದ ಚೌಕಟ್ಟುಗಳಾದ ಟ್ರಸ್‌ಗಳ ಮೇಲೆ ಮಾಡನ್ನು ನಿಲ್ಲಿಸಿ ಅಷ್ಟಗಲ ಕಂಬವಿಲ್ಲದೆ ತೆರೆದಿಡಬಹುದು. ಬಾಗಿಲಲ್ಲಿ ಒಂದು ಕಿಂಡಿ, ಹೊರಗೆ ಸಣ್ಣ ಕಾಯುವ ಕೋಣೆ, ಹಿಂದೆ ಅಡುಗೆಮನೆ. ಅಡುಗೆಮನೆ ಇಲ್ಲದ ಲಾಡ್ಜ್ ಕಾಣಸಿಗುವುದು ಅಪರೂಪ.

ಮೇಸನ್ನರ ಕಟ್ಟಡವಾದರೆ ಈಶಾನ್ಯ ಮೂಲೆಯ ಕಲ್ಲನ್ನು ಹುಡುಕಿ. ಅದನ್ನಿಡುವಾಗ ಮೂಲೆಮಟ್ಟ, ಮಟ್ಟಗೋಲು, ತೂಗುಗುಂಡು ಹಿಡಿದು ಅಳೆದು, ಕಾಳು, ದ್ರಾಕ್ಷಾರಸ, ಎಣ್ಣೆ ಸುರಿಯುವುದು ಪದ್ಧತಿ. ಒಳಗೆ ಟೊಳ್ಳಿದ್ದು ಅದರಲ್ಲಿ ನಾಣ್ಯ, ಆ ದಿನದ ಪತ್ರಿಕೆ ಇಟ್ಟಿರುವುದುಂಟು. ಕಲ್ಲಿನ ಮೇಲೆ 5892 ಎಂದು ಕಂಡರೆ ಕೆತ್ತಿದವನ ತಪ್ಪಲ್ಲ. ಲೋಕ ಹುಟ್ಟಿದ ಲೆಕ್ಕದಿಂದ ಎಣಿಸುವ ಅವರ ಕಾಲಮಾನದಲ್ಲಿ ನಮ್ಮ ಇಸವಿಗೆ 4,000 ಕೂಡಿಸುತ್ತಾರೆ. ಅಂದರೆ 1892.

ಈ ಆಸರೆ ಎಲ್ಲರಿಗೂ ಇರಲಿಲ್ಲ ಎಂಬುದನ್ನು ಮುಚ್ಚಿಡಬಾರದು. ಬಿಳಿಯ ಗಂಡಸರ ಕೂಟಗಳು ಕರಿಯರಿಗೆ ಬಾಗಿಲು ಹಾಕಿದವು. ಬಾಸ್ಟನ್ನಿನ ಪ್ರಿನ್ಸ್ ಹಾಲ್ ಎಂಬ ಕರಿಯ ಮೇಸನ್ 1784ರಲ್ಲಿ ನೇರವಾಗಿ ಇಂಗ್ಲೆಂಡಿನ ಗ್ರ್ಯಾಂಡ್ ಲಾಡ್ಜಿನಿಂದ, ಅಂದರೆ ಲಾಡ್ಜ್‌ಗಳ ಮೇಲಿನ ಸಂಸ್ಥೆಯಿಂದ, ಸನ್ನದು ಪಡೆದರು. 1843ರಲ್ಲಿ ಪೀಟರ್ ಆಗ್ಡೆನ್ ಕೂಡ ಹಾಗೆಯೇ ಇಂಗ್ಲೆಂಡಿನ ಸನ್ನದಿನ ಬಲದಿಂದ ನ್ಯೂಯಾರ್ಕಿನಲ್ಲಿ ಕರಿಯರ ಆಡ್ ಫೆಲೋ ಲಾಡ್ಜ್ ತೆರೆದರು. ರಿಚ್‌ಮಂಡಿನಲ್ಲಿ ಮ್ಯಾಗಿ ಲೀನಾ ವಾಕರ್ ತಮ್ಮ ಸೇಂಟ್ ಲೂಕ್ ಕೂಟದ ಚಿಲ್ಲರೆ ವಂತಿಗೆಗಳನ್ನೇ ಬುನಾದಿಯಾಗಿಸಿ 1903ರಲ್ಲಿ ಒಂದು ಬ್ಯಾಂಕನ್ನೇ ಕಟ್ಟಿದರು. ವಂತಿಗೆ ಹಣವನ್ನು ಆಸ್ತಿಯಾಗಿಸುವ ಕೆಲಸವನ್ನು ಅವರಷ್ಟು ದೂರ ಒಯ್ದವರು ಕಡಿಮೆ. ಹೆಂಗಸರಿಗೆಂದು ಆಡ್ ಫೆಲೋಗಳು 1851ರಲ್ಲಿ ರೆಬೆಕಾ ಪದವಿ ತೆರೆದರು. ಎಷ್ಟೋ ಊರುಗಳಲ್ಲಿ ಇಂದಿಗೂ ಲಾಡ್ಜಿನ ದೀಪ ಆರದಂತೆ ನೋಡಿಕೊಂಡಿರುವುದು ರೆಬೆಕಾಗಳೇ.

1935ರಲ್ಲಿ ಸರ್ಕಾರದ ಪಿಂಚಣಿ ಕೊಡುವ ಸೋಷಿಯಲ್ ಸೆಕ್ಯುರಿಟಿ ಕಾಯ್ದೆ ಬಂತು, ಕಂಪನಿಗಳ ಗುಂಪುವಿಮೆ ಬಂತು. ಭತ್ಯೆಗಾಗಿ ಲಾಡ್ಜ್ ಸೇರುವ ಅಗತ್ಯ ಹೋಯಿತು. ಮೇಸನ್ನರ ಸಂಖ್ಯೆ 1959ರಲ್ಲಿ 41 ಲಕ್ಷ ಮುಟ್ಟಿ, ಅಲ್ಲಿಂದ ಇಳಿಯುತ್ತ ಈಗ 10 ಲಕ್ಷಕ್ಕಿಂತ ಕೆಳಗಿದೆ. ಮುಖ್ಯಬೀದಿಯ ವ್ಯಾಪಾರ ಊರಾಚೆಯ ಮಾಲ್‌ಗಳಿಗೆ ಹೋಯಿತು. ಹೀಗೆ ವಂತಿಗೆ, ಬಾಡಿಗೆ ಎರಡೂ ಒಟ್ಟಿಗೆ ಸೊರಗಿದವು. ಆಗ ಮೊದಲು ಮುಂದೂಡಿದ ಖರ್ಚು ಮಾಡಿನದು.

ಇಲ್ಲಿಂದ ಮುಂದಿನದು ನೀರಿನ ಕಥೆ. ಈ ಕಟ್ಟಡಗಳ ಮಾಡು ಹೆಚ್ಚಾಗಿ ಚಪ್ಪಟೆ, ಹಿಂಬದಿಗೆ ತುಸು ಇಳಿಜಾರು, ಸುತ್ತ ಪ್ಯಾರಾಪೆಟ್ ಗೋಡೆ. ನೀರು ಹೋಗಲು ಹಿಂದೆ ಒಂದೋ ಎರಡೋ ತೂಬು. ಎಲೆ ಕಟ್ಟಿಕೊಂಡು ತೂಬು ಮುಚ್ಚಿದರೆ ಮಾಡು ತೊಟ್ಟಿಯಾಗುತ್ತದೆ. 25 ಅಡಿ ಅಗಲ, 100 ಅಡಿ ಉದ್ದದ ಮಾಡಿನ ಮೇಲೆ ಒಂದಂಗುಲ ನೀರು ನಿಂತರೆ 13,000 ಪೌಂಡ್ ಭಾರ. ಎರಡಂಗುಲಕ್ಕೆ 26,000. ನಡುವೆ ಕಂಬವಿಲ್ಲದ ಕೋಣೆಯ ಮೇಲೆ ಇದು. ತೂಬು ಗುಡಿಸಲು ಒಬ್ಬ ಮನುಷ್ಯನ ಅರ್ಧ ಗಂಟೆ ಸಾಕು. ಎಲೆ ಉದುರುವ ಕಾಲ ಮುಗಿದ ಮೇಲೊಮ್ಮೆ, ವಸಂತದಲ್ಲೊಮ್ಮೆ, ದೊಡ್ಡ ಬಿರುಗಾಳಿಯ ನಂತರ ಮತ್ತೊಮ್ಮೆ.

ಎರಡನೆಯ ದಾರಿ ಪ್ಯಾರಾಪೆಟ್ಟಿನ ನೆತ್ತಿ. ಅಲ್ಲಿ ಹೊದಿಸಿದ ಸುಟ್ಟಮಣ್ಣಿನ ಬಿಲ್ಲೆಗಳ ಸಂದು ಬಿಟ್ಟರೆ ನೀರು ಗೋಡೆಯ ಹೊಟ್ಟೆಯೊಳಗೆ ಇಳಿಯುತ್ತದೆ. ಮಾಡಿಗೆ ಹೊಸ ಹೊದಿಕೆ ಹಾಕಿಸಿಯೂ ಸೋರಿಕೆ ನಿಲ್ಲಲಿಲ್ಲ ಎನ್ನುವವರ ತೊಂದರೆ ಬಹಳ ಸಲ ಇದೇ. ಹಾಗೆ ಇಳಿದ ನೀರು ಸೇರುವುದು ಟ್ರಸ್‌ನ ತುದಿ ಗೋಡೆಯೊಳಗೆ ಕೂತ ಗೂಡಿಗೆ. ಅಲ್ಲಿ ಗಾಳಿಯಾಡದು, ಒಣಗದು. ನಡುಭಾಗ ಗಟ್ಟಿಯಾಗಿದ್ದು ತುದಿ ಮಾತ್ರ ಹಿಟ್ಟಾಗಿರುವ ತೊಲೆಗಳು ಇಂಥ ಕಟ್ಟಡಗಳಲ್ಲಿ ಮಾಮೂಲು. ಮಳೆಯ ಮಾರನೆಯ ದಿನ ಟಾರ್ಚ್ ಹಿಡಿದು ಅಟ್ಟಕ್ಕೆ ಹೋಗಬೇಕು, ಪ್ರತಿ ಟ್ರಸ್‌ನ ಎರಡೂ ತುದಿಗೆ ದಬ್ಬಳ ಚುಚ್ಚಿ ನೋಡಬೇಕು. ಗಟ್ಟಿಮರಕ್ಕೆ ದಬ್ಬಳದ ಮೊನೆಯಷ್ಟೇ ಇಳಿಯುತ್ತದೆ. ಒತ್ತದೆಯೇ ಅಂಗುಲ ಇಳಿದರೆ ಕೋಣೆಯನ್ನು ಮುಚ್ಚಿ ಸ್ಟ್ರಕ್ಚರಲ್ ಎಂಜಿನಿಯರರನ್ನು ಕರೆಸಬೇಕು. ತೇವಮಾಪಕದಲ್ಲಿ ಶೇ. 20 ದಾಟಿದರೆ ಕೊಳೆಯುವ ದಾರಿ ಹಿಡಿದಿದೆ ಎಂದರ್ಥ. ಇದಕ್ಕೆಲ್ಲ ದೊಡ್ಡ ಅಡ್ಡಿ, ನಂತರದ ಕಾಲದಲ್ಲಿ ಬಿಸಿಯುಳಿಸಲು ತೂಗುಹಾಕಿದ ಸುಳ್ಳು ಸೀಲಿಂಗ್. ಅದು ಹಳೆಯ ಅಚ್ಚುತಗಡಿನ ಸೀಲಿಂಗನ್ನೂ ಮುಚ್ಚಿತು, ಸೋರಿಕೆಯನ್ನೂ ಮುಚ್ಚಿತು. ನಾಲ್ಕೈದು ಬಿಲ್ಲೆ ತೆಗೆದು ಮೇಲೆ ನೋಡದೆ ಯಾವ ಲಾಡ್ಜೂ ತನ್ನ ಮಾಡು ಚೆನ್ನಾಗಿದೆ ಎಂದು ಹೇಳಿಕೊಳ್ಳಬಾರದು.

ಗೋಡೆಗೆ ಆಗುವ ಹಾನಿ ಬಹುಪಾಲು ಒಳ್ಳೆಯ ಮನಸ್ಸಿನವರಿಂದಲೇ ಆಗಿದೆ. 19ನೇ ಶತಮಾನದ ಇಟ್ಟಿಗೆ ಮೆದು, ಕಟ್ಟಿದ್ದು ಸುಣ್ಣದ ಗಾರೆಯಲ್ಲಿ. ಗಾರೆ ಇಟ್ಟಿಗೆಗಿಂತ ಮೆದುವಾಗಿರುವುದರಿಂದ ಗೋಡೆಯ ತೇವ ಸಂದಿನ ಮೂಲಕ ಹೊರಹೋಗುತ್ತದೆ. ಸವೆಯುವುದೂ ಗಾರೆಯೇ, ಮತ್ತೆ ತುಂಬಬಹುದಾದದ್ದೂ ಗಾರೆಯೇ. ಸಂದು ಸವೆದದ್ದನ್ನು ಕಂಡ ಸದಸ್ಯರು ಶನಿವಾರ ಸೇರಿ, ಗಟ್ಟಿಯಾಗಲಿ ಎಂದು ಪೋರ್ಟ್‌ಲ್ಯಾಂಡ್ ಸಿಮೆಂಟ್ ತುಂಬುತ್ತಾರೆ. ಆಗ ತೇವಕ್ಕೆ ಹೊರದಾರಿ ಇಟ್ಟಿಗೆಯೊಂದೇ. ಚಳಿಗಾಲದಲ್ಲಿ ಆ ತೇವ ಹೆಪ್ಪುಗಟ್ಟಿ ಹಿಗ್ಗಿ ಇಟ್ಟಿಗೆಯ ಮುಖ ಚಕ್ಕೆಚಕ್ಕೆಯಾಗಿ ಉದುರುತ್ತದೆ. ಕೆಲವು ವರ್ಷಗಳಲ್ಲಿ ಸಿಮೆಂಟಿನ ಗೆರೆ ಮುಂದೆ ಚಾಚಿ, ಇಟ್ಟಿಗೆ ಹಿಂದೆ ಸರಿದಿರುತ್ತದೆ. ಉದುರಿದ ಇಟ್ಟಿಗೆಗೆ ಮದ್ದಿಲ್ಲ.

ಸರಿಯಾದ ಕೆಲಸ ನಿಧಾನದ್ದು. ಹಳೆಯ ಗಾರೆಯ ಚೂರನ್ನು ಆಮ್ಲದಲ್ಲಿ ಕರಗಿಸಿ ಉಳಿದ ಮರಳಿನ ಬಣ್ಣ, ಕಣದ ಗಾತ್ರ ನೋಡಿ ಅದಕ್ಕೆ ಹೊಂದುವ ಮರಳು ತರಬೇಕು. ಸಂದಿನ ಅಗಲದ ಎರಡರಿಂದ ಎರಡೂವರೆ ಪಟ್ಟು ಆಳಕ್ಕೆ, ಉಳಿ ಸುತ್ತಿಗೆಯಿಂದ, ಹಳೆಯದನ್ನು ಕೆರೆದು ತೆಗೆಯಬೇಕು. ತಿರುಗುವ ಗ್ರೈಂಡರ್ ಲಂಬದ ಸಂದಿಗೆ ಹಚ್ಚಿದರೆ ಮೇಲಿನ ಕೆಳಗಿನ ಇಟ್ಟಿಗೆಯನ್ನೂ ಕೊಯ್ಯುತ್ತದೆ, ಆ ಗಾಯ ಹಾಗೇ ಉಳಿಯುತ್ತದೆ. ಗೋಡೆಯನ್ನು ತೇವ ಮಾಡಿ, ಒಂದು ಪಾಲು ಸುಣ್ಣಕ್ಕೆ ಎರಡೂವರೆಯಿಂದ ಮೂರು ಪಾಲು ಮರಳಿನ ಗಾರೆಯನ್ನು ಕಾಲಂಗುಲದ ಪದರವಾಗಿ ಒತ್ತಬೇಕು. ಹೆಬ್ಬೆರಳು ಒತ್ತಿದರೆ ಗುರುತಷ್ಟೇ ಬೀಳುವಷ್ಟು ಬಿಗಿದ ಮೇಲೆ ಮುಂದಿನ ಪದರ. ತಾಪ 40 ಡಿಗ್ರಿ ಫ್ಯಾರನ್‌ಹೀಟಿಗಿಂತ ಕೆಳಗಿದ್ದರೂ 95ಕ್ಕಿಂತ ಮೇಲಿದ್ದರೂ ಕೆಲಸ ಬೇಡ. ಮುಗಿದ ಮೇಲೆ ಕೆಲವು ದಿನ ಗೋಣಿ ಹೊದಿಸಿ ನೀರು ಚಿಮುಕಿಸಬೇಕು, ಬೇಗ ಒಣಗಿದ ಸುಣ್ಣ ಪುಡಿಯಾಗುತ್ತದೆ. ಮರಳು ಚಿಮ್ಮಿಸಿ ಗೋಡೆ ತೊಳೆಯುವುದು, ನೀರುನಿರೋಧಕ ಬಣ್ಣ ಬಳಿಯುವುದು ಎರಡೂ ಬೇಡವೇ ಬೇಡ.

ಮಾಡು, ಗೋಡೆ ನೆಟ್ಟಗಾದ ಮೇಲೆ ಎಲ್ಲರ ಬಾಯಲ್ಲೂ ಒಂದೇ ಮಾತು: ಮೇಲಿನ ಹಾಲನ್ನು ಮದುವೆಗೆ, ನೃತ್ಯಕ್ಕೆ ಬಾಡಿಗೆ ಕೊಟ್ಟರಾಯಿತು. ಅಲ್ಲಿ ಅಡ್ಡ ಬರುವುದು ಮೆಟ್ಟಿಲು. 40 ಅಡಿಗೆ 60 ಅಡಿಯ ಹಾಲ್ ಎಂದರೆ 2,400 ಚದರಡಿ. ಬರೀ ಕುರ್ಚಿಯಾದರೆ ತಲಾ 7 ಚದರಡಿ ಲೆಕ್ಕದಲ್ಲಿ ಸುಮಾರು 340 ಜನ, ಮೇಜು ಹಾಕಿದರೆ ತಲಾ 15ರಂತೆ 160. ಇಂದಿನ ಕಟ್ಟಡ ಸಂಹಿತೆಯಲ್ಲಿ 49 ಜನರಿಗಿಂತ ಹೆಚ್ಚು ಸೇರುವ ಕೋಣೆಗೆ ಎರಡು ಹೊರದಾರಿ ಬೇಕು. ಬೆಂಕಿ ಬಿದ್ದರೆ ತಾನೇ ನೀರು ಚಿಮ್ಮುವ ಸ್ಪ್ರಿಂಕ್ಲರ್ ಇಲ್ಲದ ಕಡೆ ಮೆಟ್ಟಿಲಿನ ಅಗಲ ತಲಾ 0.3 ಅಂಗುಲ. 340 ಜನಕ್ಕೆ 102 ಅಂಗುಲ, ಎರಡು ಮೆಟ್ಟಿಲಿಗೆ ಹಂಚಿದರೆ ಒಂದೊಂದೂ 51. ಹಳೆಯ ಲಾಡ್ಜಿನಲ್ಲಿ ಇರುವುದು ಬಹಳ ಸಲ ಬೀದಿಗಿಳಿಯುವ ಕಡಿದಾದ ಒಂದೇ ಮೆಟ್ಟಿಲು. ಹೀಗಾಗಿ ಇಷ್ಟು ದೊಡ್ಡ ಹಾಲ್ ನಲವತ್ತೊಂಬತ್ತೇ ಜನರಿಗೆ ನಿಲ್ಲಬಹುದು. ಸ್ವಂತದ ಸಭೆಗಷ್ಟೇ ಬಳಸುವ ಖಾಸಗಿ ಕೂಟಕ್ಕೆ ಅಂಗವಿಕಲರ ಪ್ರವೇಶದ ಕಾನೂನಿನಿಂದ ವಿನಾಯಿತಿ ಇದೆ, ಆದರೆ ಸಾರ್ವಜನಿಕರಿಗೆ ತೆರೆದ ಮಟ್ಟಿಗೆ ಆ ವಿನಾಯಿತಿ ಹೋಗುತ್ತದೆ. ಆಗ ಲಿಫ್ಟ್ ಬೇಕಾಗಬಹುದು. ಅಗ್ಗದ ಕಿರು ಲಿಫ್ಟ್ 25 ಅಡಿ ಎತ್ತರದವರೆಗೆ ಮಾತ್ರ. ನೆಲ ಅಂತಸ್ತು 14 ಅಡಿ, ಅದರ ಮೇಲಿನದು 12 ಅಡಿ ಇದ್ದರೆ ಮೂರನೆಯ ಅಂತಸ್ತಿನ ನೆಲ 26 ಅಡಿಯಲ್ಲಿದೆ. ಒಂದಡಿಗಾಗಿ ಪೂರ್ಣ ಪ್ರಮಾಣದ ಲಿಫ್ಟಿನ ಖರ್ಚು. ಅದಕ್ಕೇ ಮೊದಲ ಹಣವನ್ನು ಕೆಳಗಿನ ಅಂಗಡಿಯ ಮುಂಭಾಗಕ್ಕೆ ಹಾಕಿ ಬಾಡಿಗೆದಾರರನ್ನು ತರುವುದು ಜಾಣತನ ಎಂದು ನನ್ನ ಖಚಿತ ಅಭಿಪ್ರಾಯ. ಹಾಲ್ ಕಾಯಬಲ್ಲದು.

ಹಣ ತರುವ ಮುನ್ನ ಕಟ್ಟಡ ಯಾರದ್ದು ಎಂದು ನೋಂದಣಿ ಕಚೇರಿಯಲ್ಲಿ ನೋಡಿ ಬರಬೇಕು. ಕೆಲವೆಡೆ ಕೆಳಗಿನ ಎರಡು ಅಂತಸ್ತು ಒಬ್ಬ ವ್ಯಾಪಾರಿಯದ್ದು, ಮೂರನೆಯದನ್ನು ಮಾತ್ರ ಲಾಡ್ಜ್ ತನ್ನ ಖರ್ಚಿನಲ್ಲಿ ಏರಿಸಿಕೊಂಡಿರುತ್ತದೆ. ಮಾಡಿನ ರಿಪೇರಿ ಯಾರ ಪಾಲಿನದು ಎಂದು ಹಳೆಯ ಪತ್ರದಲ್ಲಿ ಬರೆಯದೆ ಬಿಟ್ಟಿದ್ದರೆ ಎರಡೂ ಕಡೆಯವರು ಒಬ್ಬರನ್ನೊಬ್ಬರು ಕಾಯುತ್ತ ಕಟ್ಟಡವನ್ನು ಕೊಲ್ಲುತ್ತಾರೆ. ಇನ್ನು ಕೆಲವೆಡೆ ಕಟ್ಟಲೆಂದು ಶೇರು ಮಾರಿ ಬೇರೆ ಸಂಘ ಮಾಡಿರುತ್ತಾರೆ, ಆ ಶೇರುಗಳು ಸತ್ತುಹೋದ ಸದಸ್ಯರ ಹೆಸರಲ್ಲೇ ಉಳಿದಿರುತ್ತವೆ. ಆಡ್ ಫೆಲೋಗಳಲ್ಲಿ ಸ್ಥಳೀಯ ಲಾಡ್ಜ್ ಸನ್ನದು ಒಪ್ಪಿಸಿ ಮುಚ್ಚಿದರೆ ಆಸ್ತಿ ರಾಜ್ಯದ ಗ್ರ್ಯಾಂಡ್ ಲಾಡ್ಜಿಗೆ ಹೋಗುತ್ತದೆ. ಅನುದಾನ ಕೊಡುವವರು ಈ ಪ್ರಶ್ನೆ ಕೇಳುತ್ತಾರೆ. ಅದಕ್ಕಾಗಿ ಬಹಳ ಲಾಡ್ಜ್‌ಗಳು ಕಟ್ಟಡದ ಹೆಸರಿನಲ್ಲಿ ಪ್ರತ್ಯೇಕ ದತ್ತಿಸಂಸ್ಥೆ ನೋಂದಾಯಿಸುತ್ತವೆ. 1966ರ ಕಾಯ್ದೆಯ ರಾಷ್ಟ್ರೀಯ ಐತಿಹಾಸಿಕ ಪಟ್ಟಿಗೆ ಸೇರಿದ ಮಾತ್ರಕ್ಕೆ ಕಟ್ಟಡವನ್ನು ಕೆಡವದಂತೆ ಯಾರೂ ತಡೆಯಲಾರರು. ಆ ತಡೆ ಊರಿನ ಸ್ವಂತ ನಿಯಮದಲ್ಲಿದ್ದರೆ ಉಂಟು. ಪಟ್ಟಿಯಿಂದ ಸಿಗುವ ಲಾಭ, ರಿಪೇರಿ ಖರ್ಚಿನ ಶೇ. 20ರಷ್ಟು ತೆರಿಗೆ ರಿಯಾಯಿತಿ. ಅದು ಆದಾಯ ತರುವ ಕಟ್ಟಡಕ್ಕೆ ಮಾತ್ರ, ಮತ್ತು 24 ತಿಂಗಳಲ್ಲಿ ಮಾಡುವ ಖರ್ಚು ಕಟ್ಟಡದ ತೆರಿಗೆ ಲೆಕ್ಕದ ಬೆಲೆಯನ್ನೂ 5,000 ಡಾಲರನ್ನೂ ಮೀರಿರಬೇಕು. ಇಲ್ಲಿಯೂ ಕೆಲಸಕ್ಕೆ ಬರುವುದು ಕೆಳಗಿನ ಅಂಗಡಿಯೇ.

ಮೂಲೆಯ ಬೀರುವಿನಲ್ಲಿ ಅಸ್ಥಿಪಂಜರ ಸಿಕ್ಕರೆ ಗಾಬರಿ ಬೇಡ. ಸಾವನ್ನು ನೆನಪಿಸಲು ಆಡ್ ಫೆಲೋಗಳು ದೀಕ್ಷೆಯಲ್ಲಿ ಅದನ್ನು ಬಳಸುತ್ತಿದ್ದರು. ಆದರೂ ಪೊಲೀಸರಿಗೆ ತಿಳಿಸಲೇಬೇಕು. ಕಸದೊಡನೆ ಹೋಗಬಾರದ ಇನ್ನೊಂದು ವಸ್ತು ನಡಾವಳಿ ಪುಸ್ತಕ. ಯಾವ ಮನೆಗೆ ಯಾವ ವಾರ ಎಷ್ಟು ಕೊಟ್ಟರು, ಯಾರು ಯಾರ ಪಕ್ಕ ರಾತ್ರಿ ಕೂತರು ಎಂಬುದು ಅದರಲ್ಲಲ್ಲದೆ ಬೇರೆಲ್ಲೂ ಇರುವುದಿಲ್ಲ. ಅವನ್ನು ಆಮ್ಲರಹಿತ ಪೆಟ್ಟಿಗೆಯಲ್ಲಿಟ್ಟು ಜಿಲ್ಲೆಯ ಇತಿಹಾಸ ಸಂಘಕ್ಕೆ ಕೊಡಬಹುದು.

ಇಂದಿನ ದಾನದಲ್ಲಿ ದೊಡ್ಡ ಹೆಸರು ದೊಡ್ಡ ಸಂಸ್ಥೆಗಳದ್ದು. ಮೇಸನ್ನರ ಬಳಗದ ಶ್ರೈನರ್‌ಗಳು 1922ರಲ್ಲಿ ಲೂಸಿಯಾನದ ಶ್ರೀವ್‌ಪೋರ್ಟ್‌ನಲ್ಲಿ ಮಕ್ಕಳಿಗಾಗಿ ಮೊದಲ ಆಸ್ಪತ್ರೆ ತೆರೆದರು. ಊರಿನ ಲಾಡ್ಜಿಗೆ ಅಷ್ಟು ಶಕ್ತಿಯಿಲ್ಲ. ಅದು ಚೆನ್ನಾಗಿ ಮಾಡಬಲ್ಲ ಕೆಲಸ ಬೇರೆಯೇ: ಗಾಲಿಕುರ್ಚಿ, ವಾಕರ್, ಊರುಗೋಲು, ಆಸ್ಪತ್ರೆಯ ಮಂಚಗಳನ್ನು ಬಿಟ್ಟಿಯಾಗಿ ಎರವಲು ಕೊಡುವುದು. ಸೊಂಟದ ಶಸ್ತ್ರಚಿಕಿತ್ಸೆಯಾದವರಿಗೆ ವಾಕರ್ ಬೇಕಾಗುವುದು ಕೆಲವು ವಾರ ಮಾತ್ರ. ನಾಳೆ ಬೇಕು ಎಂದರೆ ನಾಳೆಯೇ ಸಿಗಬೇಕು. ಅರ್ಜಿ, ಆದಾಯಪತ್ರ ಕೇಳದಿರುವುದೇ ಇದರ ಹೆಚ್ಚುಗಾರಿಕೆ.

ಇದರಲ್ಲಿ ಕೆಡುವುದೂ ಚಿಕ್ಕ ಸಂಗತಿಗಳಿಂದಲೇ. ಊರುಗೋಲಿನ ರಬ್ಬರ್ ತುದಿ ನಯವಾಗಿ ಸವೆದಿದ್ದರೆ ಒದ್ದೆ ನೆಲದಲ್ಲಿ ಜಾರುತ್ತದೆ, ಆದ್ದರಿಂದ ಪ್ರತಿ ಸಲ ವಾಪಸು ಬಂದಾಗ ತುದಿ ನೋಡಿ ಬದಲಿಸಬೇಕು. ಗಾಲಿಕುರ್ಚಿಯ ಎರಡೂ ಬ್ರೇಕ್ ಹಾಕಿ, ಹಿಂದಿನಿಂದ ತಳ್ಳಿ ನೋಡಬೇಕು. ಗಾಳಿ ತುಂಬುವ ಚಕ್ರವಾದರೆ ಗಾಳಿ ಇಳಿದಾಗ ಬ್ರೇಕ್ ಹಿಡಿಯುವುದಿಲ್ಲ. ತಡೆಯುವ ತೂಕ ಬರೆದ ಚೀಟಿ ಕಿತ್ತುಹೋಗಿದ್ದರೆ ಆ ಸಾಮಾನನ್ನು ಕೊಡಬಾರದು. ಮಂಚದ ಪಕ್ಕದ ಸರಳಿಗೂ ಹಾಸಿಗೆಗೂ ನಡುವೆ ಜಾಗ ಬಿಟ್ಟರೆ ನಿಶ್ಶಕ್ತ ಮುದುಕರ ತಲೆ ಸಿಕ್ಕಿಕೊಳ್ಳುವ ಅಪಾಯವಿದೆ. ಮಂಚಕ್ಕೆ ಅದರದೇ ಅಳತೆಯ ಹಾಸಿಗೆ ಇಲ್ಲದಿದ್ದರೆ ಸರಳು ಬಿಚ್ಚಿಟ್ಟು ಕೊಡುವುದು ಲೇಸು. ಪ್ರತಿ ಸಾಮಾನಿಗೆ ಬಣ್ಣದಲ್ಲಿ ಒಂದು ನಂಬರು, ಪುಸ್ತಕದಲ್ಲಿ ಒಯ್ದ ದಿನ, ಫೋನ್ ನಂಬರು, ಮೂರು ತಿಂಗಳಿಗೊಮ್ಮೆ ಒಂದು ಕರೆ. ಕರೆ ಮಾಡದ ಲಾಡ್ಜಿನ ಸಾಮಾನು ಮನೆಗಳ ಗ್ಯಾರೇಜಿನಲ್ಲಿ ಉಳಿದುಬಿಡುತ್ತದೆ. ಕೊಟ್ಟವರು ಮರೆತರು ಎಂದು ಒಯ್ದವರು ತಿಳಿಯುತ್ತಾರೆ, ಅಷ್ಟೇ.

ಇವನ್ನೆಲ್ಲ ಮೂರನೆಯ ಅಂತಸ್ತಿನಲ್ಲಿ ಇಡುವ ಲಾಡ್ಜ್‌ಗಳಿವೆ, ಅಲ್ಲಿ ಜಾಗ ಖಾಲಿ ಬಿದ್ದಿದೆ ಎಂದು. ಊರುಗೋಲು ಬೇಕಾದವರು ಆ ಕಡಿದಾದ ಮೆಟ್ಟಿಲು ಹತ್ತಲಾರರು, ಎಪ್ಪತ್ತು ದಾಟಿದ ಸದಸ್ಯರು ಮಂಚ ಹೊತ್ತು ಇಳಿಸಲಾರರು. ನೆಲ ಅಂತಸ್ತಿನ ಅಂಗಡಿಗೆ ಬಾಡಿಗೆ ಕರಾರು ಬರೆಯುವಾಗಲೇ ಹಿಂಭಾಗದ, ಓಣಿಗೆ ಬಾಗಿಲಿರುವ ಒಂದು ಕೋಣೆಯನ್ನು ಲಾಡ್ಜ್ ತನಗೆ ಉಳಿಸಿಕೊಳ್ಳಬೇಕು. ಬಾಗಿಲು 36 ಅಂಗುಲ ಅಗಲವಿರಲಿ, ಹೊಸ್ತಿಲು ಬೇಡ.